ಅಪ್ಪನ ಶಾಂತಾ

ಯಾರಾದರೂ ಕಣ್ಣು ಮುಚ್ಚಿ ಕೂತು ತಾವು ಒಳ್ಳೆಯವರಾಗುತ್ತಿದ್ದೇವೆ ಎಂದರೆ ನನಗೆ ಮೊದಲು ಬರುವುದು ಸಂಶಯ. ಇದು ಹುಟ್ಟಿನಿಂದ ಬಂದದ್ದಲ್ಲ, ನಮ್ಮ ಮನೆ ಕಲಿಸಿದ್ದು. ಈಗ ರೋಣದಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಬೆಳಿಗ್ಗೆ ಕಲ್ಯಾಣಮಂಟಪದ ಮೇಲಂತಸ್ತಿನಲ್ಲಿ ಯೋಗಕ್ಕೆ ಸೇರುತ್ತಾರೆ. ಮೊಣಕಾಲಿನ ನೋವಿಗೆಂದು ನಾನೂ ಹೋಗುತ್ತೇನೆ. ಕಲಿಸುವ ಹುಡುಗಿ ಒಳ್ಳೆಯವಳು, ಅದರಲ್ಲಿ ಸಂಶಯವಿಲ್ಲ. ಕೊನೆಗೆ ನಮ್ಮನ್ನೆಲ್ಲ ಅಂಗಾತ ಮಲಗಿಸಿ, ಮೊಬೈಲಿನಲ್ಲಿ ಕೊಳಲು ಹಚ್ಚಿ, ಮೆತ್ತಗಿನ ದನಿಯಲ್ಲಿ ಹೇಳುತ್ತಾಳೆ:

"ನಿಮಗ ಏನ ಆಗಬೇಕಾಗೇತಿ ಅದು ಆಗಲೇ ಆಗೇತಿ ಅಂತ ಸಂಕಲ್ಪ ಮಾಡ್ರಿ. ಆಗತೀನಿ ಅನಬ್ಯಾಡ್ರಿ. ಆಗೀನಿ ಅನ್ರಿ."

ನನ್ನ ಎಡಕ್ಕಿರುವಾಕೆ ತೆಳ್ಳಗಾಗಿದ್ದೇನೆ ಎಂದುಕೊಳ್ಳುತ್ತ, ಬಲಕ್ಕಿರುವಾಕೆ ಸೊಸೆಯ ಮೇಲಿನ ಸಿಟ್ಟು ಬಿಟ್ಟಿದ್ದೇನೆ ಎಂದುಕೊಳ್ಳುತ್ತ ಗೊರಕೆ ಹೊಡೆಯುತ್ತಾರೆ. ನಾನು ಮೇಲಿನ ಫ್ಯಾನು ನೋಡುತ್ತ ಬಿದ್ದಿರುತ್ತೇನೆ. "ಅಕ್ಕಾರ, ನಿಮ್ಮ ಸಂಕಲ್ಪ ಏನ್ರಿ?" ಎಂದು ಆಕೆ ಕೇಳಿದರೆ "ಮೊಣಕಾಲು" ಎಂದು ಹೇಳಿ ಜಾರಿಕೊಳ್ಳುತ್ತೇನೆ. ಆಗದೇ ಇರುವುದನ್ನು ಆಗಿದೆ ಎಂದು ಹೇಳಿಕೊಂಡಿದ್ದರಿಂದ ಗಜೇಂದ್ರಗಡದ ನಮ್ಮ ಮನೆಯಲ್ಲಿ ಏನೆಲ್ಲ ನಡೆಯಿತೆಂದು ಆ ಕೊಳಲಿನ ನಡುವೆ ಹೇಳುವುದಾದರೂ ಹೇಗೆ?

ನಮ್ಮದು ನೇಕಾರರ ಓಣಿ. ಮನೆಯೆಂದರೆ ಒಂದು ಪಡಸಾಲೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು. ಪಡಸಾಲೆಯ ಮುಕ್ಕಾಲು ಪಾಲು ಕುಣಿಮಗ್ಗದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಅಪ್ಪ ಸೀರೆ ನೇಯುತ್ತಿದ್ದ. ಉಳಿದ ಕಾಲು ಪಾಲಿನಲ್ಲಿ ನಾವು ಹೆಂಗಸರು ಮೂವರು. ಅಪ್ಪನ ತಾಯಿ, ನಮ್ಮ ಆಯಿ, ಕಂಬಕ್ಕೆ ಒರಗಿ ಅಡಕೆ ಕುಟ್ಟುತ್ತ ಇರುತ್ತಿದ್ದಳು. ಅವ್ವ ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ನಾನು ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಅಪ್ಪನ ಮುಖ ನೋಡದೆಯೇ ಅವನ ಮನಸ್ಸು ಹೇಗಿದೆ ಎಂದು ಹೇಳುವುದನ್ನು ನಾನು ಓದು ಕಲಿಯುವ ಮೊದಲೇ ಕಲಿತಿದ್ದೆ. ಮಗ್ಗದ ಸಪ್ಪಳ ಒಂದೇ ಸಮ ಬರುತ್ತಿದ್ದರೆ ನಗಬಹುದು, ಮಾತಾಡಬಹುದು. ನೂಲನ್ನು ಒತ್ತಿ ಕೂರಿಸುವ ಹಣಿಗೆಯ ಏಟು ಜೋರಾಗುತ್ತ ಹೋದರೆ ಸುಮ್ಮನಾಗಬೇಕು. ಸಪ್ಪಳ ತಟ್ಟನೆ ನಿಂತರೆ ಬಚ್ಚಲಿಗೆ ಓಡಬೇಕು. ನೇಯ್ದು ಮುಗಿದ ಸೀರೆಯನ್ನು ಅವ್ವ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕೆಲವು ಕಡೆ ನೂಲು ಒತ್ತಾಗಿ ಕೂತು ಪಟ್ಟೆ ಬಿದ್ದಿರುತ್ತಿತ್ತು. "ಇದು ಸೋಮವಾರದ್ದು, ಇದು ಬೇಸ್ತವಾರದ್ದು" ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಆ ಸೀರೆಯನ್ನು ಉಟ್ಟುಕೊಂಡ ಯಾವ ಊರಿನ ಹೆಂಗಸಿಗೂ ತನ್ನ ಸೆರಗಿನಲ್ಲಿ ಎಂಥ ಬೇಸ್ತವಾರ ಇದೆಯೆಂದು ತಿಳಿದಿರಲಿಕ್ಕಿಲ್ಲ.

ಅಪ್ಪ ಹೊಡೆಯುತ್ತಿದ್ದ. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ಎಳೆ ಹರಿದರೆ, ಪಲ್ಯಕ್ಕೆ ಉಪ್ಪು ಕಡಿಮೆಯಾದರೆ, ಅವ್ವ ಕರೆದ ಕೂಡಲೇ ಓ ಅನ್ನದಿದ್ದರೆ, ಅವನ ಬಲಗೈ ಮೇಲೇಳುತ್ತಿತ್ತು. ಕುಡಿಯುವವನಲ್ಲ, ಜೂಜಿನವನಲ್ಲ, ಓಣಿಯಲ್ಲಿ ಅವನಷ್ಟು ಮರ್ಯಾದಸ್ಥ ಇನ್ನೊಬ್ಬನಿಲ್ಲ ಎಂಬ ಹೆಸರು ಬೇರೆ. ಹೊಡೆದ ಮೇಲೆ ಅಳುತ್ತಿದ್ದ. ನನಗೆ ಅವನ ಏಟಿಗಿಂತ ಈ ಅಳುವಿನ ಭಯವೇ ಹೆಚ್ಚು. ಯಾಕೆಂದರೆ ಅಳು ಮುಗಿಯುತ್ತಿದ್ದಂತೆ ನನ್ನನ್ನು ಹತ್ತಿರ ಎಳೆದುಕೊಂಡು ತಲೆಯ ಮೇಲೆ ಕೈಯಿಟ್ಟು ಬಿಡುತ್ತಿದ್ದ.

"ನಿನ್ನ ತಲಿ ಮ್ಯಾಗಿನ ಆಣಿ ಐತಿ ಗಂಗವ್ವಾ, ಇನ್ನ ನಿಮ್ಮವ್ವನ್ನ ಮುಟ್ಟಂಗಿಲ್ಲ."

ಆ ಆಣೆ ನಾಲ್ಕು ದಿನವೋ ಎಂಟು ದಿನವೋ ಬಾಳುತ್ತಿತ್ತು. ಮುರಿದಾಗಲೆಲ್ಲ ನಾನು ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಒಮ್ಮೆ ತಡೆಯಲಾರದೆ ಆಯಿಯನ್ನು ಕೇಳಿದೆ.

"ಆಯಿ, ಆಣಿ ಮುರದ್ರ ಯಾರು ಸಾಯ್ತಾರ?"

"ಯಾರ ತಲಿ ಮ್ಯಾಲ ಇಟ್ಟಿರ್ತಾರೋ ಅವರು," ಎಂದಳು ಆಯಿ ಅಡಕೆ ಕುಟ್ಟುತ್ತ. ನನ್ನ ಮೋರೆ ನೋಡಿ ಕೈ ನಿಲ್ಲಿಸಿದಳು. "ಏ ಹುಚ್ಚಿ, ನಿನಗೇನೂ ಆಗಂಗಿಲ್ಲ. ನಿಮ್ಮಪ್ಪನ ಆಣಿ ದೇವರಿಗೂ ಗೊತ್ತೈತಿ, ಅಂವಾ ಅದನ್ನ ಹಿಡ್ಯಂಗೇ ಇಲ್ಲ."

ನನಗೆ ಸಮಾಧಾನವಾಯಿತು, ಜೊತೆಗೇ ಸಿಟ್ಟೂ ಬಂತು. ನನ್ನ ತಲೆಯ ಮೇಲಿಟ್ಟ ಮಾತನ್ನು ದೇವರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದರೆ ನನ್ನ ತಲೆಗೆ ಏನು ಕಿಮ್ಮತ್ತು?

ಒಂದು ದಿನ ಅಪ್ಪ ಕೈಯಲ್ಲಿದ್ದ ಲಾಳಿಯನ್ನೇ ಬೀಸಿ ಒಗೆದ. ಅದರ ಕಬ್ಬಿಣದ ಮೂತಿ ಅವ್ವನ ಹುಬ್ಬಿನ ಮೇಲೆ ತಾಗಿತು. ಅವ್ವ ಅರಿಶಿಣ ಮೆತ್ತಿಕೊಂಡು, ಕೈಚೀಲದಲ್ಲಿ ಎರಡು ಸೀರೆ ತುರುಕಿ, ನನ್ನ ಕೈ ಹಿಡಿದು ಬಸ್ ಹತ್ತಿದಳು. ಸೂಡಿ ಅವಳ ತವರು. ಎಂಟು ದಿನ ಅಲ್ಲಿದ್ದೆವು. ಒಂಬತ್ತನೆಯ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮಾಮಾನ ಮನೆಯ ಕಟ್ಟೆಯ ಮೇಲೆ ಕೂತ. ಅವನ ಕೈ ನನ್ನ ತಲೆಯ ಕಡೆ ಬರುತ್ತಿದ್ದಂತೆ ಅವ್ವ ನನ್ನನ್ನು ಹಿಂದಕ್ಕೆ ಎಳೆದುಕೊಂಡಳು.

"ಹುಡುಗಿ ತಲಿ ಮುಟ್ಟಬ್ಯಾಡ್ರಿ. ಆಣಿ ಗೀಣಿ ಸಾಕು. ನಾ ಬರತೀನಿ. ಆದ್ರ ಇನ್ನೊಮ್ಮಿ ನೀವು ಕೈ ಎತ್ತಿದ್ರ ನಾನೂ ಹುಡುಗೀನೂ ಸೂಡಿಗೆ ಬಂದಬಿಡ್ತೀವಿ. ಮತ್ತ ಯಾರ ಬಂದು ಕರದ್ರೂ ತಿರಗಿ ಬರಂಗಿಲ್ಲ."

ಆಣೆ ಕೈ ತಪ್ಪಿದ ಮೇಲೆ ಅಪ್ಪನಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಅದೇ ಹೊತ್ತಿಗೆ ನರಗುಂದದಿಂದ ನಿವೃತ್ತ ಡ್ರಿಲ್ ಮಾಸ್ತರರೊಬ್ಬರು ನಮ್ಮೂರಿಗೆ ಬಂದು ಶಾಲೆಯ ದೊಡ್ಡ ಕೋಣೆಯಲ್ಲಿ ಯೋಗದ ಶಿಬಿರ ಹೂಡಿದರು. ಅಪ್ಪ ಮುಂಜಾನೆ ಮಗ್ಗಕ್ಕೆ ಇಳಿಯುವ ಮೊದಲು ಅಲ್ಲಿಗೆ ಹೋಗತೊಡಗಿದ. ಆಣೆ ಬೇರೆ, ಸಂಕಲ್ಪ ಬೇರೆ ಎಂದು ಮಾಸ್ತರರು ಹೇಳಿಕೊಟ್ಟರಂತೆ. ಆಣೆಯಲ್ಲಿ ಹೆದರಿಕೆ ಇರುತ್ತದೆ, ಸಂಕಲ್ಪದಲ್ಲಿ ನಂಬಿಕೆ ಇರುತ್ತದೆ. ಬೇಕಾದದ್ದು ಆಗಲೇ ಕೈಸೇರಿದೆ ಎಂಬಂತೆ ಹೇಳಿಕೊಳ್ಳಬೇಕು. ಅದು ಉಸಿರಿನ ಜೊತೆ ಒಳಗಿಳಿದು ಬೇರು ಬಿಡುತ್ತದೆ. ಅಪ್ಪ ಇದನ್ನೆಲ್ಲ ಗಂಟಲು ಸರಿಮಾಡಿಕೊಂಡು, ಪುಸ್ತಕದ ಭಾಷೆಯಲ್ಲಿ, ನಮಗೆ ವರದಿ ಮಾಡಿದ. ಅವನ ಪಾಲಿನ ಸಂಕಲ್ಪ ಎರಡೇ ಶಬ್ದದ್ದು: ನಾನು ಶಾಂತ.

"ನೀವು ಶಾಂತ ಎಲ್ಲಿ ಅದೀರಿ?" ಎಂದಳು ಅವ್ವ.

"ಅದೀನಿ ಅಂತ ಅನಬೇಕು. ಅಂದ್ರ ಆಗ್ತೈತಿ."

"ಆಗದ್ದನ್ನ ಆಗೇತಿ ಅಂದ್ರ ನಮ್ಮ ಊರಾಗ ಸುಳ್ಳು ಅಂತಾರ. ನರಗುಂದದಾಗ ಏನಂತಾರೋ ಗೊತ್ತಿಲ್ಲ."

ಅಪ್ಪನ ಕೊರಳ ನರ ಉಬ್ಬಿತು. ಆದರೆ ಮೂಗಿನಿಂದ ಉಸಿರು ಎಳೆದುಕೊಂಡು, ಬಿಟ್ಟು, ಮಗ್ಗಕ್ಕೆ ಇಳಿದ. ಅವತ್ತಿನಿಂದ ಮಗ್ಗದ ಸಪ್ಪಳ ಒಂದೇ ಸಮ. ತಾಟು ಒದೆಯಲಿಲ್ಲ, ಗದರಲಿಲ್ಲ. ಊಟದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಟ್ಟ. ಕಂಡಕಂಡವರಿಗೆ ಉಸಿರಾಟದ ಪಾಠ ಹೇಳತೊಡಗಿದ. ಎರಡು ವಾರ ಹೀಗೇ ಕಳೆಯಿತು. ನಮ್ಮ ಮೂವರಿಗೆ ನೆಮ್ಮದಿ ಬಂತೆಂದು ತಿಳಿದರೆ ತಪ್ಪು. ಅಪ್ಪನಿಗೆ ಸಿಟ್ಟಿದ್ದಾಗ ಎಲ್ಲಿ ನಿಲ್ಲಬೇಕು, ಯಾವ ಬಾಗಿಲಿಂದ ಹೊರಗೆ ಹೋಗಬೇಕು ಎಂಬುದು ನಮಗೆ ಗೊತ್ತಿತ್ತು. ಈ ಹೊಸ ಮನುಷ್ಯನ ಮುಂದೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಅವ್ವ ಸೀರೆಯನ್ನು ಬೆಳಕಿಗೆ ಹಿಡಿದು ಹುಡುಕುತ್ತಿದ್ದಳು. ಪಟ್ಟೆ ಕಾಣದಿದ್ದಷ್ಟೂ ಅವಳ ಮುಖ ಸಪ್ಪಗಾಗುತ್ತಿತ್ತು. ಇಷ್ಟು ಸಿಟ್ಟು ಎಲ್ಲಿಗೆ ಹೋಯಿತು, ಯಾವ ಮೂಲೆಯಲ್ಲಿ ಅಡಗಿ ಕೂತಿದೆ ಎಂಬುದೇ ಅವಳ ಚಿಂತೆ.

ಆಯಿಗೆ ಕಿವಿ ಮಂದ, ಹತ್ತಿರದಿಂದ ಜೋರಾಗಿ ಆಡಿದ್ದಷ್ಟೇ ಕೇಳುತ್ತಿತ್ತು. ಅಪ್ಪ ದಿನಾ ಬೆಳಿಗ್ಗೆ ದೇವರ ಜಗಲಿಯ ಮುಂದೆ ಚಾಪೆ ಹಾಸಿ, ಕಣ್ಣು ಮುಚ್ಚಿ, ತುಟಿಯಲ್ಲೇ ತನ್ನ ಸಂಕಲ್ಪ ಗುನುಗುವಾಗ ಆಯಿ ಕಂಬದ ಹತ್ತಿರ ಕೂತು ಅವನ ಮುಖವನ್ನೂ ತುಟಿಯನ್ನೂ ದಿಟ್ಟಿಸುತ್ತಿದ್ದಳು. ಆ ಹೊತ್ತಿನಲ್ಲಿ ಅಪ್ಪನ ಮುಖ ಮೆತ್ತಗಾಗುತ್ತಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಒಂದು ದಿನ ಅವನು ಶಿಬಿರಕ್ಕೆ ಹೋದ ಮೇಲೆ ಆಯಿ ಅವ್ವನನ್ನು ಅಡುಗೆಮನೆಯಲ್ಲಿ ಹಿಡಿದಳು.

"ನೀಲವ್ವ, ಯಾರಾಕಿ ಶಾಂತಾ?"

"ಯಾವ ಶಾಂತಾ ಅತ್ತಿ?"

"ದಿನಾ ಕಣ್ಣ ಮುಚಗೊಂಡು 'ನನ್ನ ಶಾಂತಾ, ನನ್ನ ಶಾಂತಾ' ಅಂತ ಜಪಾ ಮಾಡ್ತಾನಲ್ಲ ನನ್ನ ಮಗಾ. ನೀ ಕೇಳಿಲ್ಲೇನು?"

ಅವ್ವನಿಗೆ ಸಂಕಲ್ಪದ ವಿಷಯ ಗೊತ್ತಿತ್ತು. ಅದು 'ನಾನು ಶಾಂತ' ಎಂದು ಆಯಿಯ ಕಿವಿಯಲ್ಲಿ ಕೂಗಿ ಹೇಳಿದಳು ಕೂಡ. ಆಯಿ ಒಪ್ಪದೆ ತಲೆಯಾಡಿಸಿದಳು.

"ನಾನು ಅಲ್ಲ, ನನ್ನ. ನಾ ಹೆತ್ತಾಕಿ ಅದೀನಿ, ನನಗ ಗೊತ್ತಿಲ್ಲೇನು? ಇಂವಾ ಹುಟ್ಟಿದಾಗಿಂದ ಒಂದ ದಿನಾ ಶಾಂತ ಇಲ್ಲ. ತನ್ನ ಬಗ್ಗೆ ಯಾಕ ಹಂಗ ಅಂದಾನು? ಹೆಂಗಸ ಅದಾಳ ಆ ಸಾಲ್ಯಾಗ."

ಅವ್ವ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಎರಡು ವಾರದಿಂದ ಉತ್ತರ ಸಿಗದ ಪ್ರಶ್ನೆಗೆ ಯಾರೋ ಉತ್ತರ ಕೊಟ್ಟಂತಾಗಿತ್ತು ಅವಳಿಗೆ. ದೇವರ ಹೆಸರಿಗೆ, ಮಗಳ ತಲೆಗೆ, ತವರಿನವರ ಮಾತಿಗೆ ಬಗ್ಗದವನು ಎರಡು ಶಬ್ದಕ್ಕೆ ಬಗ್ಗಿದ ಎನ್ನುವುದಕ್ಕಿಂತ, ಒಬ್ಬ ಹೆಂಗಸಿಗೆ ಬಗ್ಗಿದ ಎಂದು ನಂಬುವುದು ಸುಲಭ. ಮರುದಿನ ಹುಡುಗಿಗೆ ನೆಗಡಿಯಾಗಿದೆ, ಉಸಿರಿನದೇನಾದರೂ ಕಲಿಸಲಿ ಎಂದು ಹೇಳಿ ಆಯಿ ನನ್ನನ್ನು ಅಪ್ಪನ ಜೊತೆ ಕಳಿಸಿದಳು. ನೋಡಿಕೊಂಡು ಬರಬೇಕಾದದ್ದು ಏನೆಂದು ಕಿವಿಯಲ್ಲಿ ಹೇಳಿದ್ದಳು.

ಶಾಲೆಯ ಕೋಣೆಯಲ್ಲಿ ಗಂಡಸರು ಮುಂದೆ ಕೂತಿದ್ದರು. ಹಿಂದೆ ಗೋಡೆಯ ಹತ್ತಿರ ನಾಲ್ಕು ಜನ ಹೆಂಗಸರು. ಮಾಸ್ತರರು ಶಿಳ್ಳೆ ಊದಿ ಎಲ್ಲರ ಕಣ್ಣು ಮುಚ್ಚಿಸಿದರು. ನಾನು ಮೆಲ್ಲಗೆ ಹಿಂದಕ್ಕೆ ಸರಿದು ಒಬ್ಬೊಬ್ಬರ ಹೆಸರು ಕೇಳುತ್ತ ಬಂದೆ. ಅಪ್ಪನ ನೇರ ಹಿಂದೆ ಗೋಡೆಗೆ ಒರಗಿ ಕೂತಿದ್ದಾಕೆ ಒಂದು ಹಲ್ಲೂ ಇಲ್ಲದ, ತಲೆ ಪೂರ್ತಿ ಬೆಳ್ಳಗಾದ ಮುದುಕಿ. ನನ್ನ ಕೈಯಲ್ಲಿ ಪೆಪ್ಪರಮೆಂಟು ಇಟ್ಟು, "ನಾ ಶಾಂತಾಬಾಯಿ ನೋಡವ್ವಾ. ನಿನ್ನ ಹೆಸರೇನು?" ಎಂದಳು.

ಮನೆಗೆ ಬಂದಾಗ ಆಯಿಯೂ ಅವ್ವನೂ ಬಾಗಿಲಲ್ಲೇ ಇದ್ದರು. ಅಪ್ಪ ಬಚ್ಚಲಿಗೆ ಹೋದ.

"ಅದಾಳೇನು?" ಎಂದಳು ಆಯಿ.

"ಅದಾಳ. ಶಾಂತಾಬಾಯಿ."

"ಎಲ್ಲಿ ಕುಂದ್ರತಾಳ?"

"ಅಪ್ಪನ ಹಿಂದ."

ವಯಸ್ಸೆಷ್ಟೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಣ್ಣವಳಿದ್ದೆ, ತಿಳಿಯಲಿಲ್ಲ ಎಂದು ಬರೆದು ಪಾರಾಗಬಹುದು. ಆದರೆ ತಿಳಿದಿತ್ತು. ಅವ್ವನ ಮುಖ ಬಿಳಿಚಿಕೊಂಡದ್ದು ಕಂಡಿತ್ತು, ಪೆಪ್ಪರಮೆಂಟು ಬಾಯಲ್ಲಿ ಕರಗುತ್ತಿತ್ತು, ನಾನು ಸುಮ್ಮನೆ ನಿಂತಿದ್ದೆ. ಅಪ್ಪನ ಶಾಂತಿ ಖರೇನೋ ಸುಳ್ಳೋ ಒಮ್ಮೆ ನೋಡಿಯೇ ಬಿಡಬೇಕೆಂಬ ಹಟ ನನ್ನದು. ಅಷ್ಟು ಸಲ ನನ್ನ ತಲೆಯನ್ನು ಪಣಕ್ಕಿಟ್ಟವನನ್ನು ಒಂದು ಸಲವಾದರೂ ನಾನು ಪರೀಕ್ಷೆ ಮಾಡಬಾರದೇ? ಆ ಪರೀಕ್ಷೆಯ ಏಟು ಬೀಳುವುದು ಅವ್ವನ ಮೈಮೇಲೆ ಎಂಬುದು ಮಾತ್ರ ನನ್ನ ಲೆಕ್ಕಕ್ಕೆ ಬರಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಿದೆ.

ಅಪ್ಪ ಜಳಕ ಮುಗಿಸಿ ಮಗ್ಗದ ಪಕ್ಕ ಊಟಕ್ಕೆ ಕೂತ. ಅವ್ವ ತಾಟಿಗೆ ರೊಟ್ಟಿ, ಪುಂಡಿಪಲ್ಯ ಹಾಕಿ ಎದುರಿಗೆ ನಿಂತಳು.

"ಆಕಿ ರೊಟ್ಟಿ ಚಲೋ ಬಡೀತಾಳೇನು?"

"ಯಾರು?"

"ಶಾಂತಾ. ನಿಮ್ಮ ಶಾಂತಾ. ಮುಂಜಾನೆದ್ದು ಕಣ್ಣ ಮುಚ್ಚಿ ಯಾರನ್ನ ಕರೀತೀರೋ ಆಕಿ. ಬೆನ್ನಿಗೆ ಹತ್ತಿ ಕುಂದ್ರತಾಳಂತಲ್ಲ, ಗಂಗವ್ವ ಕಣ್ಣಾರೆ ನೋಡಿ ಬಂದಾಳ."

ಅಪ್ಪ ನನ್ನ ಕಡೆ ನೋಡಿದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ತಾಟು ಹಾರಿತು. ಎದ್ದು ನಿಂತ, ಬಲಗೈ ಮೇಲೆ ಹೋಯಿತು, ಹದಿನೈದು ದಿನ ಒಳಗೆ ಎಳೆದುಕೊಂಡಿದ್ದ ಉಸಿರೆಲ್ಲ ಒಂದೇ ಸಲ ಹೊರಗೆ ಬಂತು.

"ನಾನು! ನಾನು ಶಾಂತ! ನಾನು ಶಾಂತ ಅದೀನಿ ಅಂತ ಹೇಳಾಕತ್ತೀನಿ, ತಿಳೀತಿಲ್ಲೇನು ನಿಮಗ?"

ಆ ಅಬ್ಬರಕ್ಕೆ ಅಕ್ಕಪಕ್ಕದ ಮನೆಗಳ ಮಗ್ಗಗಳು ನಿಂತವು. ಇಷ್ಟು ದೊಡ್ಡ ದನಿ ಆಯಿಗೂ ಕೇಳಿಸಿತು. "ಅಯ್ಯ ಶಿವನ, ಶಾಂತ ಅಂದ್ರ ಇಂವನೇ ಏನು!" ಎಂದು ಬೊಚ್ಚುಬಾಯಿ ತೆರೆದು ನಗತೊಡಗಿದಳು. ನಾನು ಗೋಡೆಗೆ ಅಂಟಿಕೊಂಡು, "ಆ ಶಾಂತಾಬಾಯಿ ಮುದಕಿ, ಹಲ್ಲಿಲ್ಲ ಆಕಿಗೆ" ಎಂದು ಅಳುತ್ತ ಚೀರಿದೆ. ಅವ್ವ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಅವಳಿಗೂ ನಗು. ಅಪ್ಪನ ಕೈ ಇನ್ನೂ ಮೇಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮಗ್ಗದ ಮೇಲಿಂದ ಇಳಿಬಿದ್ದ ಹಗ್ಗವನ್ನು ಹಿಡಿದುಕೊಂಡು ನಿಂತುಬಿಟ್ಟ. ಹೊಡೆಯಲಿಲ್ಲ. ಗಂಡಾಂತರ ಕಳೆಯಿತು ಎಂದುಕೊಂಡೆ. ಅಷ್ಟರಲ್ಲಿ ಅವ್ವನ ನಗು ನಿಂತಿತು.

"ಎತ್ತಿದ್ರಿ," ಎಂದಳು.

"ಹೊಡೀಲಿಲ್ಲಲ್ಲ!"

"ಹೊಡೀಲಿಲ್ಲ. ಕೈ ಎತ್ತಿದ್ರಿ. ನಾ ಹೇಳಿದ್ದು ಎತ್ತೂದಕ್ಕ."

ಒಳಗೆ ಹೋಗಿ ಅದೇ ಕೈಚೀಲ ತೆಗೆದಳು. ಎರಡು ಸೀರೆ, ನನ್ನ ಒಂದು ಫ್ರಾಕು.  ನಾನು ಬಾಯಿ ಬಿಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅಪ್ಪ ಚಾಪೆಯ ಮೇಲೆ ಕುಸಿದು ಕೂತು, ಕಣ್ಣು ಮುಚ್ಚಿ, ಮತ್ತೆ ಅದನ್ನೇ ಶುರುಮಾಡಿದ: ನಾನು ಶಾಂತ, ನಾನು ಶಾಂತ. ಚೀಲ ಹಿಡಿದು ಹೊರಗೆ ಬಂದ ಅವ್ವನಿಗೆ ಅದನ್ನು ನೋಡಿ ಎಲ್ಲಿಲ್ಲದ ಸಿಟ್ಟು ಬಂತು. ಅವಳು ಅಪ್ಪನ ಮೇಲೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

"ಕಣ್ಣ ತಗೀರಿ! ಯಾರಿಗೆ ಹೇಳಾಕತ್ತೀರಿ ಅದನ್ನ? ಹೊಡತ ತಿಂದಾಕಿ ನಾ ಇಲ್ಲಿ ನಿಂತೀನಿ. ನನಗ ಹೇಳ್ರಿ."

ಅಪ್ಪ ಕಣ್ಣು ತೆರೆದ. "ಏನ ಹೇಳ್ಲಿ?"

"ಆಗದ್ದ ಹೇಳಬ್ಯಾಡ್ರಿ. ನಿಮ್ಮ ಕೈಲೆ ಎಷ್ಟ ಆಗ್ತೈತಿ ಅಷ್ಟ ಹೇಳ್ರಿ."

ಅಪ್ಪ ಅವಳ ಹುಬ್ಬಿನ ಮೇಲಿನ ಕಲೆಯನ್ನು ನೋಡಿದ. ಅಷ್ಟು ದಿನ ಅದನ್ನು ನೋಡದೆ ತಪ್ಪಿಸಿಕೊಂಡಿದ್ದ ಎಂದು ನನಗೆ ಆಗ ತಿಳಿಯಿತು.

"ಇವತ್ತ ಕೈ ಎತ್ತಂಗಿಲ್ಲ," ಎಂದ.

"ನಾಳೆ?"

"ನಾಳೀದು ನಾಳೆ ಹೇಳ್ತೀನಿ."

 ಅವ್ವ "ನೋಡೋಣ" ಎಂದು ಚೀಲವನ್ನು ಗೂಟಕ್ಕೆ ಸಿಕ್ಕಿಸಿದಳು. ಬಿಚ್ಚಲಿಲ್ಲ. ಅವತ್ತಲ್ಲ, ಅದಾದ ಮೇಲೂ ಎಷ್ಟೋ ವರ್ಷ ಬಿಚ್ಚಲಿಲ್ಲ. ನಾನು ಎತ್ತರವಾದಂತೆ ಚೀಲದಲ್ಲಿನ ಫ್ರಾಕು ತೆಗೆದು ಅದಕ್ಕಿಂತ ದೊಡ್ಡದೊಂದನ್ನು ಇಡುತ್ತಿದ್ದಳು, ಆಮೇಲೆ ಲಂಗ, ಆಮೇಲೆ ಸೀರೆ. ಅಪ್ಪ ದಿನಾ ತನ್ನ ಆಸನ, ಉಸಿರು ಎಲ್ಲ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದು ಕಣ್ಣು ತೆರೆದುಕೊಂಡು ಆ ಮಾತು ಹೇಳುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತಲೇ "ನೋಡೋಣ" ಎನ್ನುತ್ತಿದ್ದಳು. ಅವನು ಮರೆತ ದಿನ, ಇಲ್ಲವೇ ಬಿಗುಮಾನದಿಂದ ಹೇಳದೇ ಇದ್ದ ದಿನ, ಚೀಲ ಗೂಟದಿಂದ ಇಳಿದು ಹೊಸ್ತಿಲ ಹತ್ತಿರ ಬಂದು ಕೂರುತ್ತಿತ್ತು. ಮಾಸ್ತರರಿಗೆ ಈ ಸಂಕಲ್ಪ ಹಿಡಿಸಲಿಲ್ಲ. ಸಂಕಲ್ಪದಲ್ಲಿ 'ಇಲ್ಲ' ಎಂಬ ಶಬ್ದ ಬರಬಾರದು, ಮನಸ್ಸು ಅದನ್ನು ಒಪ್ಪುವುದಿಲ್ಲ ಎಂದರಂತೆ. "ನಮ್ಮ ಮನ್ಯಾಗ ಅದೊಂದ ಶಬ್ದನ್ನ ಒಪ್ಪತಾರ್ರಿ ಮಾಸ್ತರ" ಎಂದು ಅಪ್ಪ ಹೇಳಿ ಬಂದ. ಅವನ ಕೈ ಮತ್ತೆ ಮೇಲೇಳಲಿಲ್ಲ. ಸಿಟ್ಟು ಬರುತ್ತಿತ್ತು, ಕೂಗಾಡುತ್ತಿದ್ದ, ಸೀರೆಯಲ್ಲಿ ಪಟ್ಟೆಯೂ ಬೀಳುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ ಅವ್ವ ಒಳಗೊಳಗೇ ಸಮಾಧಾನ ಪಡುತ್ತಿದ್ದಳು. ಬದಲಾಯಿಸಿದ್ದು ಧ್ಯಾನವೋ ಚೀಲವೋ ಎಂದು ನನ್ನನ್ನು ಕೇಳಿದರೆ, ಎರಡೂ ಬೇಕಾಗಿತ್ತು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು, ಆದರೆ ಅದರಲ್ಲೂ ನನಗೆ ಸಂಶಯವಿದೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ "ಜೀವನಪೂರ್ತಿ ನಿನ್ನ ಚಲೋ ನೋಡಕೋತೀನಿ" ಎಂದಾಗ "ಇವತ್ತಿಂದು ಹೇಳ್ರಿ" ಎಂದುಬಿಟ್ಟಿದ್ದೆ. ಪಾಪ, ಅವರಿಗೆ ಏನೆಂದು ಅರ್ಥವಾಗಬೇಕು?

ಅಪ್ಪನಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಇಬ್ಬರನ್ನೂ ರೋಣಕ್ಕೆ ಕರೆತಂದು ನನ್ನ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಉಸಿರು ಎಳೆದುಕೊಳ್ಳುತ್ತ ಬಲಗೈಯನ್ನು ಎತ್ತಲು ದಿನಾ ಯತ್ನಿಸಬೇಕು, ಬಿಟ್ಟರೆ ಕೈ ಸೆಟೆದುಹೋಗುತ್ತದೆ ಎಂದು ದವಾಖಾನೆಯಲ್ಲಿ ಹೇಳಿದ್ದರು. ಅಪ್ಪ ಕಾಲಿನದೆಲ್ಲ ಮಾಡುತ್ತಿದ್ದ, ಕೈಯದು ಮಾತ್ರ ನಾಳೆಗೆ ತಳ್ಳುತ್ತಿದ್ದ. ಒಂದು ಮುಂಜಾನೆ ಅವ್ವ ಅವನೆದುರು ನೆಲಕ್ಕೆ ಕೂತಳು.

"ಎತ್ರಿ," ಎಂದಳು.

ಅಪ್ಪ ತಲೆಯಲ್ಲಾಡಿಸಿದ.

"ನಾನೇ ಹೇಳಾಕತ್ತೀನಿ. ಎತ್ರಿ."

ಅಪ್ಪ ಉಸಿರು ಎಳೆದುಕೊಂಡ. ಬೆರಳು ಅಲುಗಿದವು, ಮುಂಗೈ ಎದ್ದಿತು, ನಡುಗುತ್ತ ಕೈ ಎದೆಯ ಮಟ್ಟಕ್ಕೆ ಬಂತು. ನಾನು ಸಂತೋಷಕ್ಕೆ ಕೂಗಬೇಕೆನ್ನುವಷ್ಟರಲ್ಲಿ ಅವ್ವ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಸರಕ್ಕನೆ ಹಿಂದಕ್ಕೆ ಸರಿದಳು.  ಅಪ್ಪನ ಕೈ ಧೊಪ್ಪೆಂದು ತೊಡೆಯ ಮೇಲೆ ಬಿತ್ತು.

"ಮೈ ತಾನ ಸರೀತ್ರಿ," ಎಂದಳು ಅವ್ವ. "ನಾ ಸರೀಲಿಲ್ಲ."

"ಗೊತ್ತೈತಿ," ಎಂದ ಅಪ್ಪ, ತೊದಲುತ್ತ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ಬ್ಯಾಡ ಬಿಡು. ಹಿಂಗ ಇರ್ಲಿ."

ಅವ್ವ ಮುಖ ಒರೆಸಿಕೊಂಡಳು. ಸರಿದಷ್ಟೇ ಜಾಗ ಮುಂದಕ್ಕೆ ಬಂದು, ಇನ್ನೂ ಒಂದು ಗೇಣು ಹತ್ತಿರ ಕೂತಳು.

"ಇನ್ನೊಮ್ಮಿ ಎತ್ರಿ," ಎಂದಳು.